ಮೊಂತೇನ್ ಬೀದಿಯ ಮೂವತ್ತನೆಯ ನಂಬರು

ಪ್ಯಾರಿಸ್ ನಗರದ ಶಾಂಜೆಲೀಜೆ ರಾಜಬೀದಿಯಿಂದ ಸೇನ್ ನದಿಯ ಕಡೆಗೆ ಓರೆಯಾಗಿ ಇಳಿದು ಹೋಗುವ ಬೀದಿಯೊಂದುಂಟು. ಎರಡು ಪಕ್ಕಗಳಲ್ಲಿಯೂ ಚೆಸ್ಟ್‌ನಟ್ ಮರಗಳ ಸಾಲು, ಮರಗಳ ಹಿಂದೆ ಮಸುಕು ಬಣ್ಣದ ಕಲ್ಲಿನ ಎತ್ತರವಾದ ಮನೆಗಳು. ಇದಕ್ಕೆ ಅವೆನ್ಯೂ ಮೊಂತೇನ್ ಎಂದು ಹೆಸರು. ಹದಿನಾರನೆಯ ಶತಮಾನದ ಪ್ರಬಂಧಕಾರ ಮೊಂತೇನ್ ಮಹಾಶಯನ ಹೆಸರನ್ನು ಈ ಬೀದಿ ಹೊತ್ತಿದೆಯಾದರೂ ಇಲ್ಲಿಗೆ ಬರುವವರ ಕೈಯಲ್ಲಿ ಅವನ ಪುಸ್ತಕ ಕಾಣುವುದು ಅಪರೂಪ. ಅವರು ಅರಸಿಕೊಂಡು ಬರುವುದು ಮೂವತ್ತನೆಯ ನಂಬರಿನ ಮನೆಯನ್ನು. 2022ರಿಂದ ಅದರ ಒಂದು ಭಾಗ ವಸ್ತುಸಂಗ್ರಹಾಲಯವಾಗಿದೆ. ಚೀಟಿ ಕೊಂಡು ಒಳಹೊಕ್ಕರೆ ಅಲ್ಲಿ ಕಾಣುವುದು ಸಿಂಹಾಸನವೂ ಅಲ್ಲ, ವೀರರ ಕತ್ತಿಯೂ ಅಲ್ಲ, ಹೆಂಗಸರ ಉಡುಪು.

ಈ ಮನೆಯ ಯಜಮಾನ ಕ್ರಿಸ್ಚಿಯನ್ ಡಿಯೋರ್. 1905ರಲ್ಲಿ ನಾರ್ಮಂಡಿಯ ಕಡಲ ತೀರದ ಗ್ರಾನ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ಗೊಬ್ಬರದ ಕಾರ್ಖಾನೆಯ ಸಿರಿವಂತ. ಮಗ ಕೆಲವು ವರ್ಷ ಚಿತ್ರಶಾಲೆ ನಡೆಸಿದ. 1931ರಲ್ಲಿ ತಾಯಿ ತೀರಿಕೊಂಡಳು. ಅದೇ ಕಾಲದ ಆರ್ಥಿಕ ಕುಸಿತದಲ್ಲಿ ತಂದೆಯ ಐಶ್ವರ್ಯ ಕರಗಿತು. ಟೋಪಿ ಮತ್ತು ಉಡುಪುಗಳ ನಮೂನೆಗಳನ್ನು ಬರೆದು ಮಾರಿ ಹೊಟ್ಟೆ ಹೊರೆದುಕೊಳ್ಳತೊಡಗಿದ ಈ ನಾಚಿಕೆಯ ಮನುಷ್ಯ ತನ್ನ ಸ್ವಂತ ಹೆಸರಿನ ಫಲಕವನ್ನು ಮೊಂತೇನ್ ಬೀದಿಯಲ್ಲಿ ತೂಗುಹಾಕುವ ವೇಳೆಗೆ ನಲವತ್ತು ದಾಟಿದ್ದ.

1947ರ ಫೆಬ್ರವರಿ 12. ಯೂರೋಪು ನಡುಗಿದ ಚಳಿಗಾಲ. ಕಲ್ಲಿದ್ದಲಿಗೆ ಬರ, ಬ್ರೆಡ್ಡಿಗೆ ಪಡಿತರ ಚೀಟಿ. ಅಂದು ಈ ಮನೆಯ ಬೂದು ಮತ್ತು ಬಿಳಿ ಬಣ್ಣದ ಹಜಾರದಲ್ಲಿ ಡಿಯೋರನ ಮೊದಲನೆಯ ಪ್ರದರ್ಶನ ನಡೆಯಿತು. ಯುದ್ಧಕಾಲದಲ್ಲಿ ಹೆಂಗಸರು ತೊಟ್ಟದ್ದು ಸಿಪಾಯಿಯ ಭುಜದಂತೆ ಚೌಕನಾದ ಕೋಟು, ಬಟ್ಟೆ ಉಳಿಸಲೆಂದು ಮೊಣಕಾಲಿಗೇ ಮೊಟಕಾದ ಲಂಗ. ಡಿಯೋರನ ರೂಪದರ್ಶಿಯರು ಬಂದುದು ಬೇರೆಯೇ ಬಗೆಯಲ್ಲಿ: ಇಳಿಜಾರಾದ ಭುಜ, ಮುಷ್ಟಿಯಷ್ಟು ಸೊಂಟ, ಅಲ್ಲಿಂದ ಕೆಳಗೆ ಹೂವಿನ ಎಸಳಿನಂತೆ ಬಿಚ್ಚಿಕೊಂಡು ಮೀನಖಂಡದವರೆಗೆ ಇಳಿದ ಲಂಗ. ಅವರು ತಿರುಗಿದ ರಭಸಕ್ಕೆ ನೆರಿಗೆ ತಗುಲಿ ಮೇಜಿನ ಮೇಲಿನ ಸಿಗರೇಟು ಬೂದಿಯ ಬಟ್ಟಲುಗಳು ಉರುಳಿದುವೆಂದು ನೋಡಿದವರು ಹೇಳಿದ್ದಾರೆ. ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಇದನ್ನು ‘ನ್ಯೂ ಲುಕ್’ ಎಂದು ಕರೆದಳು. ಹೊಲಿದವನು ಫ್ರೆಂಚನಾದರೂ ಹೆಸರು ಅಮೆರಿಕೆಯದಾಗಿಯೇ ಉಳಿಯಿತು.

ಆ ಸಂಗ್ರಹದಲ್ಲಿ ಜಗತ್ತು ಇಂದಿಗೂ ಮರೆಯದಿರುವುದು ‘ಬಾರ್’ ಎಂಬ ಜೋಡುಡುಪು. ಕೆನೆಬಣ್ಣದ ರೇಷ್ಮೆಯ ಜಾಕೀಟು, ಕರಿಯ ಉಣ್ಣೆಯ ನೆರಿಗೆ ಲಂಗ. ಎದುರಿಗಿರುವ ಪ್ಲಾಜಾ ಅತೆನೆ ಹೋಟೆಲಿನ ಪಾನಗೃಹದಿಂದ ಅದಕ್ಕೆ ಈ ಹೆಸರು ಬಂದಿತೆನ್ನುತ್ತಾರೆ. ಅಂದಿನ ಕೆಲವು ಉಡುಪುಗಳಿಗೆ ಇಪ್ಪತ್ತು ಮೀಟರಿಗೂ ಹೆಚ್ಚು ಬಟ್ಟೆ ಹಿಡಿಯಿತು. ನಮ್ಮ ಹೆಂಗಸರ ಆರು ಗಜದ ಸೀರೆಯ ಲೆಕ್ಕದಲ್ಲಿ ಅದು ಮೂರು ಸೀರೆಗೂ ಮೀರಿದ್ದು. ಸೀರೆಯಾದರೆ ಬಿಚ್ಚಿ ಮಡಿಚಿ ಮಗಳಿಗೆ ಕೊಡಬಹುದು, ಇದು ಒಬ್ಬಳ ಸೊಂಟಕ್ಕೆ ಮಾತ್ರ ಒಗ್ಗುವಂಥದು. ಇಷ್ಟು ಬಟ್ಟೆಯನ್ನು ಧಾರಾಳವಾಗಿ ಸುರಿದವನ ಹಿಂದೆ ಬಂಡವಾಳ ಹೂಡಿ ನಿಂತಿದ್ದವನು ಮಾರ್ಸೆಲ್ ಬೂಸಾಕ್ ಎಂಬ ಹತ್ತಿಗಿರಣಿಗಳ ದೊರೆ. ಲಂಗ ಉದ್ದವಾದಷ್ಟೂ ಗಿರಣಿಗೆ ಲಾಭವೆಂದು ಆಗಲೇ ಕೆಲವರು ಆಡಿಕೊಂಡರು. ಆ ಮಾತನ್ನು ಪೂರ್ತಿ ಸುಳ್ಳೆನ್ನಲಾಗದು, ಪೂರ್ತಿ ನಿಜವೆಂದರೂ ಡಿಯೋರನಿಗೆ ಅನ್ಯಾಯವಾದೀತು. ಆತ ಹಂಬಲಿಸಿದುದು ಯುದ್ಧಕ್ಕೆ ಮೊದಲು, ತನ್ನ ತಾಯಿಯ ಕಾಲದಲ್ಲಿ ಕಂಡಿದ್ದ ಹೆಂಗಸರ ಚೆಲುವನ್ನು.

ಮೊಂತೇನ್ ಬೀದಿಯಿಂದ ಉತ್ತರಕ್ಕೆ ಮೊಂಮಾರ್ತ್ರ ಗುಡ್ಡದ ಮೇಲಕ್ಕೆ ಹತ್ತುವ ಲೆಪಿಕ್ ಬೀದಿಯಲ್ಲಿ ಇದೇ ಉಡುಪಿಗೆ ಆದ ಸ್ವಾಗತ ಬೇರೆ ತೆರನಾದುದು. ಅದು ತರಕಾರಿ, ಮೀನು, ಗಿಣ್ಣುಗಳ ಸಂತೆಬೀದಿ. 1947ರಲ್ಲಿ ಹೊಸ ಲಂಗಗಳನ್ನು ತೊಟ್ಟ ರೂಪದರ್ಶಿಯರನ್ನು ಛಾಯಾಚಿತ್ರಕ್ಕೆಂದು ಅಲ್ಲಿಗೆ ಕರೆದೊಯ್ದರು. ಬಡತನದ ಹಿನ್ನೆಲೆಯಲ್ಲಿ ಸಿರಿವಂತ ಲಂಗ ಚೆನ್ನಾಗಿ ಕಂಡೀತೆಂಬುದು ಯಾರ ಬುದ್ಧಿಯೋ! ಸಂತೆಯ ಹೆಂಗಸರು ಕ್ಷಣಕಾಲ ನೋಡಿದರು. ಬಳಿಕ ಮೈಮೇಲೆ ಬಿದ್ದು ಆ ಉಡುಪನ್ನು ಹಿಡಿದು ಎಳೆದಾಡಿ ಹರಿದರು. ಕ್ಯಾಮೆರಾ ಮಾತ್ರ ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಆ ಚಿತ್ರಗಳು ಇಂದಿಗೂ ಉಳಿದಿವೆ: ಏಪ್ರನ್ ಕಟ್ಟಿದ ನಡುವಯಸ್ಸಿನ ಹೆಂಗಸೊಬ್ಬಳ ಕೈಯಲ್ಲಿ ಹುಡುಗಿಯ ಕೂದಲು, ಇನ್ನೊಬ್ಬಳ ಕೈಯಲ್ಲಿ ರವಿಕೆಯ ಅಂಚು. ಮನೆಯ ಮಕ್ಕಳಿಗೆ ಹಾಲು ಹುಟ್ಟದಿದ್ದ ಕಾಲದಲ್ಲಿ ಲಂಗದ ನೆರಿಗೆ ಆ ತಾಯಂದಿರ ಕಣ್ಣಿಗೆ ಚೆಲುವಾಗಿ ಕಾಣದಿದ್ದುದರಲ್ಲಿ ಅಚ್ಚರಿಯಿಲ್ಲ. ಆದರೆ ಪೆಟ್ಟು ತಿಂದವಳು ಕೂಲಿಗೆ ಉಡುಪು ತೊಟ್ಟು ನಿಂತ ಹುಡುಗಿ, ಉಡುಪಿನ ಒಡತಿಯಲ್ಲ.

ಕೋಪ ಪ್ಯಾರಿಸಿಗೇ ಸೀಮಿತವಾಗಿರಲಿಲ್ಲ. ಅಮೆರಿಕೆಯ ಡಲಾಸ್ ನಗರದಲ್ಲಿ ಹೆಂಗಸರು ‘ಮೊಣಕಾಲಿಗಿಂತ ತುಸು ಕೆಳಗೆ’ ಎಂಬ ಅರ್ಥದ ಹೆಸರಿಟ್ಟು ಸಂಘವನ್ನೇ ಕಟ್ಟಿ ಉದ್ದ ಲಂಗವನ್ನು ವಿರೋಧಿಸಿದರು. ಬ್ರಿಟನ್ನಿನಲ್ಲಿ ಬಟ್ಟೆಯ ಪಡಿತರವಿನ್ನೂ ಜಾರಿಯಲ್ಲಿತ್ತು. ಅಲ್ಲಿ ಲಂಗ ಮೋಟಾಗಿಯೇ ಇರಲೆಂದು ಹಟ ಹಿಡಿದ ಮಂತ್ರಿ ಸರ್ ಸ್ಟಾಫರ್ಡ್ ಕ್ರಿಪ್ಸ್. 1942ರಲ್ಲಿ ಸಂಧಾನಕ್ಕೆಂದು ದೆಹಲಿಗೆ ಬಂದು ಬರಿಗೈಯಲ್ಲಿ ಹಿಂದಿರುಗಿದ ಅದೇ ಕ್ರಿಪ್ಸ್. ದೆಹಲಿಯಲ್ಲಿ ಆದುದೇ ಲಂಗದ ವಿಷಯದಲ್ಲಿಯೂ ಆಯಿತು. ಲಂಡನ್ನಿಗೆ ಬಂದ ಡಿಯೋರನ ಉಡುಪುಗಳನ್ನು ಅರಮನೆಯ ಹೆಂಗಸರೇ ಖಾಸಗಿಯಾಗಿ ತರಿಸಿ ನೋಡಿದರು. 1951ರಲ್ಲಿ ರಾಜಕುಮಾರಿ ಮಾರ್ಗರೆಟ್ ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ತೊಟ್ಟ ಬಿಳಿಯ ನಿಲುವಂಗಿ ಡಿಯೋರನದೇ ಆಯಿತು.

ಮೂವತ್ತನೆಯ ನಂಬರಿನ ಮಾಳಿಗೆಗಳಲ್ಲಿ ಹೊಲಿಗೆಯ ಕೋಣೆಗಳಿದ್ದುವು. ಯಜಮಾನ ಬರೆದ ರೇಖಾಚಿತ್ರ ಮೊದಲು ಬಿಳಿಯ ಹತ್ತಿಬಟ್ಟೆಯಲ್ಲಿ ಮೈತಳೆಯಬೇಕು. ಅದನ್ನು ರೂಪದರ್ಶಿಯ ಮೈಮೇಲೆ ತೊಡಿಸಿ, ಗುಂಡುಸೂಜಿ ಚುಚ್ಚಿ, ಕತ್ತರಿಸಿ, ಮತ್ತೆ ಹೊಲಿದು, ಯಜಮಾನ ತಲೆಯಾಡಿಸಿದ ಮೇಲೆಯೇ ಬೆಲೆಯುಳ್ಳ ಬಟ್ಟೆಗೆ ಕತ್ತರಿ ತಗುಲುವುದು. ಜಾಕೀಟು ಹೊಲಿಯುವವರದು ಒಂದು ಕೋಣೆ, ಜಾರುವ ರೇಷ್ಮೆ ಹೊಲಿಯುವವರದು ಇನ್ನೊಂದು. ಸೂಜಿ ಹಿಡಿದ ಈ ಹೆಣ್ಣುಮಕ್ಕಳನ್ನು ಪ್ಯಾರಿಸಿನವರು ‘ಪುಟ್ಟ ಕೈಗಳು’ ಎಂದು ಕರೆಯುತ್ತಾರೆ. ನವೆಂಬರ್ 25 ಸಂತ ಕ್ಯಾಥರೀನಳ ದಿನ; ಇಪ್ಪತ್ತೈದು ತುಂಬಿಯೂ ಮದುವೆಯಾಗದ ಹುಡುಗಿಯರು ಅಂದು ಹಸಿರು ಹಳದಿ ಬಣ್ಣದ ವಿಚಿತ್ರ ಟೋಪಿ ಧರಿಸಿ ಕುಣಿಯುವ ವಾಡಿಕೆ. ನಮ್ಮ ಮನೆಗಳಲ್ಲಿ ಇಪ್ಪತ್ತೈದಾದ ಮಗಳನ್ನು ಕಂಡು ತಾಯಂದಿರು ನಿಟ್ಟುಸಿರಿಡುತ್ತಿದ್ದ ಕಾಲದಲ್ಲಿ ಅಲ್ಲಿ ಅದಕ್ಕೊಂದು ಹಬ್ಬವೇ ಇದ್ದಿತು. ನಿಟ್ಟುಸಿರು ಅಲ್ಲಿಯೂ ಇದ್ದಿರಬೇಕು, ಟೋಪಿಯ ಕೆಳಗೆ.

ಈ ಸೂಜಿಯ ಬದುಕೇ ಅಳಿದುಹೋಗುವ ಗಳಿಗೆಯೂ ಒದಗಿತ್ತು. 1940ರಲ್ಲಿ ಪ್ಯಾರಿಸನ್ನು ಹಿಡಿದ ಜರ್ಮನರು ಉಡುಪಿನ ಕಸುಬನ್ನೇ ಬರ್ಲಿನ್ನಿಗೆ ಸಾಗಿಸಬೇಕೆಂದರು. ಅದನ್ನು ತಪ್ಪಿಸಿದವನು ಉಡುಪುಮನೆಗಳ ಸಂಘದ ಅಧ್ಯಕ್ಷ ಲ್ಯೂಸಿಯೆನ್ ಲೆಲಾಂಗ್. ಬಟ್ಟೆಯೇ ಸಿಗದಿದ್ದ 1945ರ ವಸಂತದಲ್ಲಿ ಈ ಮನೆಗಳೆಲ್ಲ ಕೂಡಿ ತಂತಿಯ ಬೊಂಬೆಗಳನ್ನು ಮಾಡಿ, ಆಳಿನ ಮೂರನೆಯ ಒಂದು ಪಾಲು ಎತ್ತರದ ಆ ಬೊಂಬೆಗಳಿಗೆ ಉಡುಪು ಹೊಲಿದು, ಲೂವ್ರ್ ಅರಮನೆಯ ಒಂದು ಪಾರ್ಶ್ವದಲ್ಲಿ ಪ್ರದರ್ಶನಕ್ಕಿಟ್ಟುವು. ಗುಂಡಿಗೆ ಕಾಜಾ, ಲಂಗಕ್ಕೆ ಒಳಪದರ, ಎಲ್ಲವೂ ನಿಜದಂತೆಯೇ. ಬಂದ ಹಣ ಯುದ್ಧಸಂತ್ರಸ್ತರಿಗೆ ಹೋಯಿತು. ಆ ಬೊಂಬೆಗಳು ಸುತ್ತಾಡಿ ಸುತ್ತಾಡಿ ಈಗ ಅಮೆರಿಕೆಯ ವಾಷಿಂಗ್ಟನ್ ಸಂಸ್ಥಾನದ ಮೇರಿಹಿಲ್ ಸಂಗ್ರಹಾಲಯದಲ್ಲಿವೆ.

ಮೊಂತೇನ್ ಬೀದಿಯ ಕೊನೆಗೆ ಇಳಿದು, ನದಿಯ ಪಕ್ಕದ ಆಲ್ಮಾ ಚೌಕದಿಂದ ಐದನೆಯ ಜಾರ್ಜ್ ದೊರೆಯ ಹೆಸರಿನ ಬೀದಿಗೆ ಹೊರಳಿದರೆ ಹತ್ತನೆಯ ನಂಬರಿನ ಮನೆ ಸಿಗುತ್ತದೆ. ಇದು ಸ್ಪೇನಿನ ಬಾಸ್ಕ್ ಸೀಮೆಯಿಂದ ಬಂದ ಕ್ರಿಸ್ತೋಬಲ್ ಬಲೆನ್ಸಿಯಾಗನ ಮನೆ. ಡಿಯೋರನಿಗಿಂತ ಸರಿಯಾಗಿ ಹತ್ತು ವರ್ಷಕ್ಕೆ ಹಿರಿಯ. ಇಬ್ಬರೂ ಹುಟ್ಟಿದುದು ಜನವರಿ 21ರಂದೇ. ತಾಯಿ ಹೊಲಿಗೆಯವಳು. ಡಿಯೋರ್ ಬರೆಯಬಲ್ಲ, ಹೊಲಿಸಬಲ್ಲ. ಬಲೆನ್ಸಿಯಾಗನಾದರೋ ಕತ್ತರಿಸುವುದರಿಂದ ಹಿಡಿದು ಕೊನೆಯ ಹೊಲಿಗೆಯವರೆಗೆ ತನ್ನ ಕೈಯಿಂದಲೇ ಮಾಡಬಲ್ಲವನು. ಮಾತಿಲ್ಲ, ಸಂದರ್ಶನವಿಲ್ಲ, ಅವನ ಹಜಾರ ದೇವಾಲಯದಂತೆ ನಿಶ್ಶಬ್ದ. ಹೆಂಗಸಿನ ಸೊಂಟವನ್ನು ಬಿಗಿಯುವ ಬದಲು ಮೈಗೂ ಬಟ್ಟೆಗೂ ನಡುವೆ ಗಾಳಿಯಾಡಲು ಎಡೆಗೊಟ್ಟವನು ಇವನೇ. ಇವನನ್ನು ತಮ್ಮೆಲ್ಲರ ಗುರುವೆಂದು ಸ್ವತಃ ಡಿಯೋರನೇ ಒಪ್ಪಿಕೊಂಡಿದ್ದ. 1968ರಲ್ಲಿ ಬಲೆನ್ಸಿಯಾಗ ಅಂಗಡಿಯ ಬಾಗಿಲನ್ನು ಎಳೆದುಕೊಂಡು ತನ್ನ ನಾಡಿಗೆ ನಡೆದುಬಿಟ್ಟ.

ಅದೇ ಬೀದಿಯ ಮೂರನೆಯ ನಂಬರಿಗೆ 1959ರಲ್ಲಿ ಬಂದು ನೆಲಸಿದವನು ಅವನ ಭಕ್ತ ಉಬೆರ್ ದ ಜಿವಾಂಶಿ. ಅದಕ್ಕೂ ಮೊದಲು, 1953ರಲ್ಲಿ, ‘ಮಿಸ್ ಹೆಪ್‌ಬರ್ನ್ ಬಂದಿದ್ದಾರೆ’ ಎಂದು ಹೇಳಿಕಳುಹಿಸಿದಾಗ ಆತ ಖ್ಯಾತ ನಟಿ ಕ್ಯಾಥರೀನ್ ಹೆಪ್‌ಬರ್ನಳನ್ನು ನಿರೀಕ್ಷಿಸಿದ್ದನಂತೆ. ಬಂದವಳು ಕಡ್ಡಿಯಂಥ ಹುಡುಗಿ, ಆಡ್ರೆ ಹೆಪ್‌ಬರ್ನ್. ‘ಸಬ್ರೀನ’ ಚಿತ್ರಕ್ಕೆ ಉಡುಪು ಬೇಕಾಗಿತ್ತು. ಹೊಸದನ್ನು ಹೊಲಿಯಲು ಸಮಯವಿಲ್ಲವೆಂದಾಗ ಸಿದ್ಧವಿದ್ದುವನ್ನೇ ಆರಿಸಿಕೊಂಡಳು. ಆ ಚಿತ್ರದ ಉಡುಪುಗಳಿಗೆ ಆಸ್ಕರ್ ಬಂದಾಗ ಪಡೆದವಳು ಎಡಿತ್ ಹೆಡ್, ಜಿವಾಂಶಿಯ ಹೆಸರು ತೆರೆಯ ಮೇಲೆಯೂ ಇರಲಿಲ್ಲ. ಆದರೂ ಅವರ ಸ್ನೇಹ 1993ರಲ್ಲಿ ಅವಳು ಕಣ್ಮುಚ್ಚುವವರೆಗೆ ನಡೆಯಿತು. ಅವಳ ತೆಳ್ಳನೆಯ ಮೈಯನ್ನು ಕಂಡು ಜಗತ್ತಿನ ಹೆಣ್ಣುಮಕ್ಕಳು ಊಟ ಬಿಟ್ಟರು. ಅವಳಿಗೋ 1944-45ರ ಚಳಿಗಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ನಿಜವಾಗಿಯೂ ಊಟವಿರಲಿಲ್ಲ. ಹದಿನೈದರ ಆ ಹುಡುಗಿ ಹಸಿವಿನಿಂದ ರೋಗಿಯಾಗಿದ್ದಳು.

ಕಾಂಬೋನ್ ಬೀದಿಯ 31ನೆಯ ನಂಬರು ರಿಟ್ಜ್ ಹೋಟೆಲಿನ ಹಿಂಬಾಗಿಲಿಗೆ ಸಮೀಪ. ಅಲ್ಲಿನ ಕನ್ನಡಿಗಳ ಮೆಟ್ಟಿಲಿನ ಮೇಲೆ ಕುಳಿತು ಕೋಕೋ ಶನೆಲ್ ಕೆಳಗಿನ ಪ್ರದರ್ಶನವನ್ನು ನೋಡುತ್ತಿದ್ದಳು. 1939ರಲ್ಲಿ ಮುಚ್ಚಿದ ಉಡುಪಿನ ಮನೆಯನ್ನು 1954ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮತ್ತೆ ತೆರೆದಳು. ಸೊಂಟ ಹಿಂಡುವ ಡಿಯೋರನ ಲಂಗಗಳನ್ನು ಕಂಡರೆ ಅವಳಿಗೆ ಆಗದು. ಹೆಂಗಸು ಕೈಯೆತ್ತಬೇಕು, ಕಾರು ಹತ್ತಬೇಕು, ಕೆಲಸಕ್ಕೆ ಹೋಗಬೇಕು ಎಂಬುದು ಅವಳ ಲೆಕ್ಕ. ಪ್ಯಾರಿಸಿನ ಪತ್ರಿಕೆಗಳು ಮೂಗು ಮುರಿದುವು, ಅಮೆರಿಕದವರು ಕೊಂಡರು. ಅವಳ ಜಾಕೀಟು ನೆಟ್ಟಗೆ ಇಳಿಬೀಳಲೆಂದು ಅಂಚಿನೊಳಗೆ ಸಣ್ಣ ಸರಪಣಿಯನ್ನು ಹೊಲಿದಿರುತ್ತಾರೆ. ಆದರೆ ಯುದ್ಧದ ವರ್ಷಗಳಲ್ಲಿ ಇವಳು ರಿಟ್ಜ್ ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಯೊಬ್ಬನ ಸಹವಾಸದಲ್ಲಿ ಇದ್ದುದನ್ನು ಪ್ಯಾರಿಸು ಮರೆತಿಲ್ಲ, ಮರೆಯಬೇಕಾದುದೂ ಅಲ್ಲ.

ಆ ವರ್ಷಗಳಲ್ಲಿ ಡಿಯೋರನೂ ಲೆಲಾಂಗನ ಮನೆಯಲ್ಲಿ ನೌಕರನಾಗಿ ಉಡುಪಿನ ನಮೂನೆ ಬರೆಯುತ್ತಿದ್ದ. ಗಿರಾಕಿಗಳಲ್ಲಿ ಜರ್ಮನ್ ಅಧಿಕಾರಿಗಳ ಹೆಂಡಿರೂ ಇದ್ದರು. ಅದೇ ಹೊತ್ತಿನಲ್ಲಿ ಅವನ ತಂಗಿ, ಅವನಿಗಿಂತ ಹನ್ನೆರಡು ವರ್ಷಕ್ಕೆ ಕಿರಿಯಳಾದ ಕ್ಯಾಥರೀನ್ ಡಿಯೋರ್, ಜರ್ಮನರ ವಿರುದ್ಧ ಗುಪ್ತವಾಗಿ ಸುದ್ದಿ ಸಾಗಿಸುವ ದಳದಲ್ಲಿದ್ದಳು. ಅವಳಿಗೂ ಅವಳ ಜೊತೆಗಾರರಿಗೂ ಅಣ್ಣನ ಬಿಡಾರವೇ ಆಶ್ರಯ. 1944ರ ಜುಲೈ 6ರಂದು ಅವಳನ್ನು ಹಿಡಿದು ಪೋಂಪ್ ಬೀದಿಯ ಮನೆಯೊಂದಕ್ಕೆ ಒಯ್ದರು. ಹಿಡಿದವರು ಗೆಸ್ಟಾಪೋಗೆ ದುಡಿಯುತ್ತಿದ್ದ ಫ್ರೆಂಚರೇ. ಚಿತ್ರಹಿಂಸೆ ಕೊಟ್ಟರೂ ಅವಳ ಬಾಯಿಂದ ಹೆಸರುಗಳು ಹೊರಬೀಳಲಿಲ್ಲ. ಆಗಸ್ಟ್ 15ರಂದು ರೈಲಿಗೆ ತುಂಬಿ ರಾವೆನ್ಸ್‌ಬ್ರುಕ್ ಬಂದೀಶಿಬಿರಕ್ಕೆ ಸಾಗಿಸಿದರು. ಹತ್ತು ದಿನ ತಡೆದಿದ್ದರೆ ಪ್ಯಾರಿಸು ಬಿಡುಗಡೆಯಾಗಿತ್ತು. 1945ರ ಮೇ ತಿಂಗಳಲ್ಲಿ ಅವಳು ಹಿಂದಿರುಗಿದಾಗ ಅಣ್ಣನಿಗೇ ಗುರುತು ಸಿಕ್ಕುವುದು ಕಷ್ಟವಾಯಿತು; ಅವಳಿಗೆಂದು ಮಾಡಿದ್ದ ಊಟವನ್ನು ಉಣ್ಣುವ ಶಕ್ತಿ ಅವಳಿಗಿರಲಿಲ್ಲವೆನ್ನುತ್ತಾರೆ.

1947ರಲ್ಲಿ ಲಂಗಗಳ ಜೊತೆಗೇ ಹೊರಬಂದ ಡಿಯೋರನ ಮೊದಲನೆಯ ಸುಗಂಧಕ್ಕೆ ‘ಮಿಸ್ ಡಿಯೋರ್’ ಎಂದು ಹೆಸರಿಟ್ಟುದು ಅವಳಿಗಾಗಿ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಆ ಸೀಸೆಯನ್ನು ನೋಡಿ ಮುಂದೆ ಹೋಗುವವರಲ್ಲಿ ಈ ಸಂಗತಿ ತಿಳಿದವರೆಷ್ಟು ಮಂದಿಯೋ. ಲೆಪಿಕ್ ಬೀದಿಯ ಹೆಂಗಸರಿಗಂತೂ ತಿಳಿದಿರಲಾರದು.

ಡಿಯೋರ್ ಆಳಿದುದು ಹತ್ತೇ ವರ್ಷ. ಒಂದೊಂದು ಋತುವಿಗೆ ಒಂದೊಂದು ಹೊಸ ಆಕಾರ. 1954 ಮತ್ತು 1955ರಲ್ಲಿ ಎಚ್, ಎ, ವೈ ಎಂದು ಅಕ್ಷರಮಾಲೆಯನ್ನೇ ಲಂಗಕ್ಕೆ ಇಳಿಸಿದ. ಶಕುನ, ಭವಿಷ್ಯಗಳಲ್ಲಿ ಬಲು ನಂಬಿಕೆಯಿದ್ದವನು. 1957ರ ಅಕ್ಟೋಬರ್ 24ರಂದು ಇಟಲಿಯ ಮೊಂತೆಕಾತೀನಿಯಲ್ಲಿ, ಐವತ್ತೆರಡನೆಯ ವಯಸ್ಸಿಗೆ, ತೀರಿಕೊಂಡ. ಗದ್ದುಗೆ ಏರಿದವನು ಆಲ್ಜೀರಿಯದ ಓರಾನಿನಿಂದ ಬಂದ ಇಪ್ಪತ್ತೊಂದರ ತರುಣ ಈವ್ ಸಾಂ ಲೊರಾಂ. 1958ರ ಅವನ ಮೊದಲನೆಯ ಸಂಗ್ರಹದಲ್ಲೇ ಆ ಬಿಗಿಸೊಂಟ ಸಡಿಲವಾಯಿತು.

ಕ್ಯಾಥರೀನ್ ಲಂಗಗಳ ವ್ಯಾಪಾರಕ್ಕೆ ಇಳಿಯಲಿಲ್ಲ. 1952ರಲ್ಲಿ ಪೋಂಪ್ ಬೀದಿಯ ಗೆಸ್ಟಾಪೋದವರ ವಿಚಾರಣೆ ನಡೆದಾಗ ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಿದಳು. ಅದರ ಹೊರತು ಆ ದಿನಗಳನ್ನು ಕುರಿತು ಮಾತಾಡುತ್ತಿದ್ದುದು ಅಪರೂಪ. ಅವಳ ಕಸುಬು ಹೂವು. ಪ್ಯಾರಿಸಿನ ಹಳೆಯ ಲೆ ಆಲ್ ಮಾರುಕಟ್ಟೆಯಲ್ಲಿ, ಊರು ಏಳುವುದಕ್ಕೆ ಮುಂಚೆಯೇ, ದಕ್ಷಿಣದಿಂದ ಬಂದ ಹೂವಿನ ಬುಟ್ಟಿಗಳ ನಡುವೆ ಅವಳಿರುತ್ತಿದ್ದಳು. ಆಮೇಲೆ ದಕ್ಷಿಣ ಫ್ರಾನ್ಸಿನ ಕಾಲಿಯಾನ್ ಎಂಬ ಹಳ್ಳಿಗೆ ಹೋಗಿ ನೆಲಸಿ ಗುಲಾಬಿ ಮಲ್ಲಿಗೆಗಳನ್ನು ಬೆಳೆದಳು. ಹೂವು ಹತ್ತಿರದ ಗ್ರಾಸ್ ಊರಿನ ಸುಗಂಧದ ಕಾರ್ಖಾನೆಗಳಿಗೆ ಹೋಗುತ್ತಿದ್ದಿತು. ಅಣ್ಣನ ಗೋರಿಯೂ ಆ ಹಳ್ಳಿಯಲ್ಲೇ ಇದೆ. ಐವತ್ತು ವರ್ಷ ತಡವಾಗಿ, 2008ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ತಂಗಿ ಅಲ್ಲಿಯೇ ಅವನ ಪಕ್ಕಕ್ಕೆ ಬಂದಳು.