ಲೋಳೆಗೆ ಲೋಳೆಯ ಆಸರೆ

ಕನ್ನಡದಲ್ಲಿ ‘ಲೋಳೆ’ ಎಂಬ ಮಾತಿಗೆ ಹೆಚ್ಚಿನ ಮರ್ಯಾದೆಯಿಲ್ಲ. ಬೆಂಡೆಕಾಯಿ ಹೆಚ್ಚುವಾಗ ಬೆರಳಿಗೆ ಅಂಟುವುದು ಲೋಳೆ. ಮಳೆಗಾಲದಲ್ಲಿ ಬಸವನಹುಳು ಗೋಡೆಯ ಮೇಲೆ ಬಿಟ್ಟುಹೋಗುವುದೂ ಲೋಳೆಯೇ. ಆದರೆ ಶರೀರಶಾಸ್ತ್ರವನ್ನು ಕನ್ನಡದಲ್ಲಿ ಬರೆದವರು ಬಾಯಿ, ಮೂಗು, ಕರುಳುಗಳ ಒಳಗೋಡೆಯನ್ನು ಹೊದ್ದಿರುವ ತೇವದ ಪದರಕ್ಕೆ ‘ಲೋಳೆಪೊರೆ’ ಎಂದು ಹೆಸರಿಟ್ಟರು. ಹಿತ್ತಿಲಿನ ಮುಳ್ಳಂಚಿನ ಗಿಡವೊಂದನ್ನು ನಮ್ಮ ಹಿರಿಯರು ‘ಲೋಳೆಸರ’ ಎಂದು ಕರೆದರು. ಬಾಯಿಯ ಒಳಗೋಡೆಗೂ ಆ ಗಿಡದ ತಿರುಳಿಗೂ ಭಾಷೆ ಒಂದೇ ಮಾತನ್ನು ಹಂಚಿಕೊಟ್ಟಿದೆ. ಬಾಯಿಹುಣ್ಣಿಗೆ ಸಸ್ಯಮೂಲದ ಜೆಲ್ ಹಚ್ಚುವ ವಿದ್ಯೆಯ ಸಾರವೂ ಈ ಎರಡು ಪದಗಳ ನಂಟಿನಲ್ಲಿಯೇ ಇದೆಯೆಂದು ನಮಗೆ ಅನ್ನಿಸುತ್ತದೆ.

ಗಾಯ ಮಾಯುವುದಕ್ಕೆ ಬಾಯಿಯಷ್ಟು ಅನಾನುಕೂಲವಾದ ಜಾಗ ಇನ್ನೊಂದಿಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಅಲ್ಲಿ ಹರಿಯುತ್ತದೆ. ನಾಲಗೆ ಸುಮ್ಮನಿರುವುದಿಲ್ಲ, ಹಲ್ಲು ತಗಲುತ್ತದೆ, ಸಾರಿನ ಹುಳಿ, ಚಟ್ನಿಯ ಖಾರ ಹೊತ್ತುಹೊತ್ತಿಗೆ ಬಂದು ಕೆಣಕುತ್ತವೆ. ಮೊಣಕಾಲಿನ ಗಾಯಕ್ಕೆ ಪಟ್ಟಿ ಕಟ್ಟಬಹುದು, ಕೆನ್ನೆಯ ಒಳಬದಿಗೆ ಕಟ್ಟಲಾಗದು. ಹಾಗಿದ್ದೂ ಬಾಯಿಯ ಗಾಯ ಚರ್ಮದ ಗಾಯಕ್ಕಿಂತ ಬೇಗ ಮಾಯುತ್ತದೆ, ಕಲೆಯನ್ನೂ ಅಷ್ಟಾಗಿ ಉಳಿಸುವುದಿಲ್ಲ. ನಾವು ಹೀಗಳೆಯುವ ಜೊಲ್ಲಿನಲ್ಲಿಯೇ ಅದರ ಗುಟ್ಟಿನ ಒಂದು ಪಾಲು ಇದೆ. ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನೊಂದನ್ನು ಸ್ಟ್ಯಾನ್ಲಿ ಕೋಹೆನ್ ಮೊದಲು ಕಂಡದ್ದು ಇಲಿಯ ಜೊಲ್ಲುಗ್ರಂಥಿಯಲ್ಲಿ. ಆ ಕೆಲಸಕ್ಕೆ 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅವರೊಡನೆ ನೊಬೆಲ್ ಪ್ರಶಸ್ತಿ ಬಂತು. ಕರುವನ್ನು ನೆಕ್ಕುವ ಹಸುವನ್ನು ಕಂಡವರಿಗೆ ಇದು ಪೂರ್ತಿ ಹೊಸ ಸಂಗತಿಯಾಗಿ ತೋರದು.

ಎಂದರೆ ಬಾಯಿಗೆ ಔಷಧದ ಕೊರತೆಗಿಂತ ಹೊದಿಕೆಯ ಕೊರತೆ ದೊಡ್ಡದು. ಆ ಹೊದಿಕೆಯೇ ಜೆಲ್. ಉದ್ದುದ್ದನೆಯ ಸಕ್ಕರೆಯ ಸರಪಣಿಗಳು ಒಂದಕ್ಕೊಂದು ತೊಡರಿಕೊಂಡು, ಆ ಬಲೆಯಲ್ಲಿ ನೀರನ್ನು ಹಿಡಿದಿಟ್ಟರೆ ಲೋಳೆಯಾಗುತ್ತದೆ. ಲೋಳೆಸರದ ತಿರುಳಿನಲ್ಲಿ ಸುಮಾರು ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ಉಳಿದ ಒಂದು ಪಾಲಿನಲ್ಲಿರುವ ಅಸೆಮನ್ನಾನ್ ಎಂಬ ಸರಪಣಿಸಕ್ಕರೆ ಮತ್ತು ಅದರ ಬಂಧುಗಳು ಅಷ್ಟೂ ನೀರನ್ನು ಕಾದಿಡುತ್ತವೆ. ಇಂಥ ಲೋಳೆ ನಮ್ಮ ಲೋಳೆಪೊರೆಯ ಮೇಲಿನ ಲೋಳೆಗೆ ಅಂಟಿಕೊಂಡು, ತೆರೆದುಕೊಂಡ ನರತುದಿಗಳನ್ನು ಮುಚ್ಚುತ್ತದೆ. ಉರಿ ತಗ್ಗುವುದಕ್ಕೆ ಇದೇ ಮೊದಲ ಕಾರಣ.

ಕಾರ್ಖಾನೆಯ ಜೆಲ್ಲಿಗೂ ಬೇಕಾದದ್ದು ಇದೇ ಅಂಟುವ ಗುಣ. ಹುಣಸೆ ಬೀಜದ ಹಿಟ್ಟಿನಲ್ಲಿ ಅದು ಹೇರಳವಾಗಿದೆ. ಚಳ್ಳಕೆರೆಯ ಸೀಮೆಯಲ್ಲಿ ಕಂಬಳಿ ನೇಯುವವರು ಹಾಸಿಗೆ ಹುಣಸೆ ಬೀಜದ ಸರಿಯನ್ನು ಬಳಿಯುತ್ತಾರೆ. ಕೊಪ್ಪಳದ ಕಿನ್ನಾಳದ ಗೊಂಬೆಯವರಿಗೂ ಅದು ಅಂಟು. ಅದೇ ಬೀಜದಿಂದ ಬೇರ್ಪಡಿಸಿದ ಸಕ್ಕರೆಯ ರಚನೆ ನಮ್ಮ ದೇಹದ ಲೋಳೆಯ ರಚನೆಯನ್ನು ಹೋಲುತ್ತದೆಂದು ಔಷಧ ತಯಾರಿಸುವವರು ಈಗ ಅದನ್ನು ಬಾಯಿಯ ಜೆಲ್ಲುಗಳಲ್ಲಿ ಪ್ರಯೋಗಿಸುತ್ತಿದ್ದಾರೆ. ಈ ವಿವೇಕ ಹಳೆಯದೇ. ಬಾಯಿಯ ರೋಗಗಳಿಗೆ ಬೆರಳ ತುದಿಯಿಂದ ಔಷಧ ಹಚ್ಚುವ ಕ್ರಮವನ್ನು ಸುಶ್ರುತ ಸಂಹಿತೆ ‘ಪ್ರತಿಸಾರಣ’ ಎಂದು ಕರೆದು ಅದರಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತದೆ: ಅರೆದ ಕಲ್ಕ, ಕಷಾಯವನ್ನು ಬತ್ತಿಸಿ ಗಟ್ಟಿ ಮಾಡಿದ ರಸಕ್ರಿಯೆ, ಜೇನು, ಪುಡಿ. ನಾಲ್ಕರಲ್ಲಿ ಎರಡು, ರಸಕ್ರಿಯೆ ಮತ್ತು ಜೇನು, ಅಂಟಿ ನಿಲ್ಲುವಂಥವು. ಔಷಧ ಯಾವುದೆಂಬುದರಷ್ಟೇ ಅದು ಎಷ್ಟು ಹೊತ್ತು ನಿಂತೀತೆಂಬುದನ್ನೂ ಅವರು ಗಮನಿಸಿದ್ದರು.

ಅರಿಸಿನದ ಕಥೆಯೂ ಇಲ್ಲಿಗೆ ಸೇರಿದ್ದು. ಗಾಯ ಮಾಯಿಸಲು ಅರಿಸಿನವನ್ನು ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಯಿತು. ಆರ್. ಎ. ಮಾಶೇಲ್ಕರ್ ಅವರ ನೇತೃತ್ವದಲ್ಲಿ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಗೆಲುವು ಸಣ್ಣದಲ್ಲ. ಆದರೆ ಅದು ತೀರ್ಮಾನಿಸಿದ್ದು ಆ ತಿಳಿವಳಿಕೆ ಹೊಸತಲ್ಲವೆಂಬುದನ್ನು ಮಾತ್ರ. ಎಂಥ ಗಾಯಕ್ಕೆ, ಎಷ್ಟು, ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ನ್ಯಾಯದ ಗೆಲುವು ಉತ್ತರ ಕೊಡಲಾರದು. ಅರಿಸಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದಕ್ಕಾಗಿಯೇ ಅದನ್ನು ಜೆಲ್ಲಿನಲ್ಲಿ ಬೆರೆಸಿ ಗಾಯದ ಮೇಲೆಯೇ ಇಡುವ ಪ್ರಯತ್ನಗಳು ನಡೆದಿವೆ.

ಊರು ಬಿಟ್ಟು ಬಂದ ನಮ್ಮಂಥವರು ಹಿತ್ತಿಲನ್ನು ಬಾಲ್ಕನಿಯ ಕುಂಡಕ್ಕೆ ಇಳಿಸಿಕೊಂಡಿದ್ದೇವೆ. ಮುಂಬಯಿ, ಪುಣೆಗಳಲ್ಲಿ ಲೋಳೆಸರ ಕೇಳಿದರೆ ಯಾರಿಗೂ ತಿಳಿಯದು, ‘ಕೋರಫಡ’ ಎನ್ನಬೇಕು. ಚೆನ್ನೈಯಲ್ಲಿ ‘ಕತ್ತಾಳೈ’, ಹೈದರಾಬಾದಿನಲ್ಲಿ ‘ಕಲಬಂದ’. ಚೆನ್ನೈಯ ಗೆಳೆಯರ ಮನೆಯಲ್ಲಿ ಬಾಯಿಹುಣ್ಣಿಗೆ ‘ಮಣತ್ತಕ್ಕಾಳಿ’ ಸೊಪ್ಪಿನ ಹುಳಿ ಬಡಿಸಿದರು. ನೋಡಿದರೆ ಅದು ನಮ್ಮ ಗಣಿಕೆ ಸೊಪ್ಪು! ಹೆಸರು ಬದಲಾದಂತೆ ಎಚ್ಚರಿಕೆಯ ಮಾತುಗಳು ದಾರಿಯಲ್ಲಿ ಉದುರಿಹೋಗುತ್ತವೆ. ಲೋಳೆಸರವನ್ನು ಕುಯ್ದಾಗ ಸಿಪ್ಪೆಯಡಿಯಿಂದ ಒಸರುವ ಹಳದಿ ರಸ ತಿರುಳಲ್ಲ. ಅದು ಕಹಿ, ತೀಕ್ಷ್ಣ ಭೇದಿಕಾರಕ. ಅಂಗಡಿಯ ಭೇದಿ ಔಷಧಗಳಲ್ಲಿ ಅದು ಇರಕೂಡದೆಂದು ಅಮೆರಿಕದ ಔಷಧ ನಿಯಂತ್ರಕರು 2002ರಲ್ಲಿ ಆದೇಶಿಸಿದರು. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಆ ರಸವನ್ನು ಇಳಿಯಗೊಟ್ಟು, ತೊಳೆದು, ನಡುವಿನ ಗಾಜಿನಂಥ ತಿರುಳನ್ನಷ್ಟೇ ತೆಗೆಯಬೇಕು. ಮುಖಕ್ಕೆ ಹಚ್ಚುವ ಡಬ್ಬಿಯ ಹಸಿರು ಜೆಲ್ಲಿನಲ್ಲಿ ಬಣ್ಣ, ಸುಗಂಧಗಳು ಇರುತ್ತವೆ. ಅದು ಬಾಯಿಗೆ ಹೋಗತಕ್ಕದ್ದಲ್ಲ. ಬಾಯಿಹುಣ್ಣಿಗೆ ಹಿತವೆನಿಸುವ ಅತಿಮಧುರವೂ ಮಿತಿ ಮೀರಿದರೆ ರಕ್ತದೊತ್ತಡವನ್ನು ಏರಿಸುತ್ತದೆ.

ಇಷ್ಟು ಬರೆಯಲು ನಮ್ಮನ್ನು ಹಚ್ಚಿದವರು ನಮ್ಮ ಸೋದರಮಾವ. ವಿಜಯಪುರ ಜಿಲ್ಲೆಯಲ್ಲಿ ಜೋಳ, ಕಡಲೆ ಬೆಳೆಯುವ ಒಕ್ಕಲುತನ. ನಾಲ್ವತ್ತು ವರ್ಷ ತಂಬಾಕಿಗೆ ಸುಣ್ಣ ತಿಕ್ಕಿ ಎಡ ದವಡೆಯಲ್ಲಿ ಇಟ್ಟುಕೊಂಡವರು. ಅಲ್ಲಿಯೇ ಹುಣ್ಣಾಯಿತು. ಅತ್ತೆ ದಿನಾ ಮುಂಜಾನೆ ಲೋಳೆಸರದ ಎಲೆ ಮುರಿದು, ತೊಳೆದು, ತಿರುಳನ್ನು ಹಚ್ಚುತ್ತಿದ್ದರು. ಫೋನಿನಲ್ಲಿ ಕೇಳಿದಾಗಲೆಲ್ಲ ಮಾವನ ಉತ್ತರ ಒಂದೇ: “ಉರಿ ಕಡಿಮ್ಯಾಗೈತಿ, ನೀವೇನ್ ಗಾಬರಿ ಆಗಬ್ಯಾಡ್ರಿ.” ಆ ಮಾತು ಸುಳ್ಳಾಗಿರಲಿಲ್ಲ. ಎಲೆ ತನ್ನ ಕೆಲಸವನ್ನು ಮಾಡಿತ್ತು. ಅತ್ತೆಯ ಆರೈಕೆಯಲ್ಲಿಯೂ ಲೋಪವಿರಲಿಲ್ಲ. ಉರಿ ಇಳಿದರೂ ಹುಣ್ಣು ಅಲ್ಲಿಯೇ ಇತ್ತು, ಐದು ತಿಂಗಳು. ಸೊಲ್ಲಾಪುರದ ಮದುವೆಯೊಂದರಲ್ಲಿ ಹೋಳಿಗೆಯ ತುತ್ತಿಗೆ ಬಾಯಿ ಸಾಕಷ್ಟು ತೆರೆಯದಿದ್ದಾಗ, ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ ದಂತವೈದ್ಯರು ಗಮನಿಸಿದರು. ಬಯಾಪ್ಸಿಯಾಯಿತು, ಮುಂಬಯಿಗೆ ಬಂದರು, ನಮ್ಮ ಮನೆಯಲ್ಲಿ ಉಳಿದರು.

ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಬಾಯಿಯದೂ ಒಂದು. ಮೊದಮೊದಲು ಅದು ಹೆಚ್ಚಾಗಿ ನೋಯುವುದೇ ಇಲ್ಲ. ಆದ್ದರಿಂದ ನೋವು ತಗ್ಗಿದ್ದು ಹುಣ್ಣು ಒಳ್ಳೆಯದೆಂಬುದಕ್ಕೆ ಸಾಕ್ಷಿಯಾಗದು. ಸಾಧಾರಣ ಬಾಯಿಹುಣ್ಣು ಒಂದೆರಡು ವಾರಗಳಲ್ಲಿ ಏನೂ ಹಚ್ಚದಿದ್ದರೂ ಮಾಯುತ್ತದೆ. ಹಚ್ಚಿದ ಸೊಪ್ಪಿಗೆ ಕೀರ್ತಿ ಬರುತ್ತದೆ. ಹೀಗೆ ಹತ್ತು ಸಲ ಬಂದ ಕೀರ್ತಿ ಹನ್ನೊಂದನೆಯ ಸಲ ನಮ್ಮ ಕಣ್ಣು ಕಟ್ಟುತ್ತದೆ.

ಶಸ್ತ್ರಕ್ರಿಯೆಯ ಬಳಿಕ ಮಾವನಿಗೆ ಆರು ವಾರ ವಿಕಿರಣ ಚಿಕಿತ್ಸೆ ನಡೆಯಿತು. ಮೂರನೆಯ ವಾರ ಬಾಯಿಯ ಒಳಗೆಲ್ಲ ಹುಣ್ಣೆದ್ದಿತು. ವಿಕಿರಣ ಬಿದ್ದ ಬಾಯಿಯಲ್ಲಿ ಇದು ಸಾಮಾನ್ಯ; ನುಂಗಲಾಗದೆ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಗುಣವಾಗುವ ಸಾಧ್ಯತೆಯೇ ಕುಗ್ಗುತ್ತದೆ. ಅತ್ತೆ ಮತ್ತೆ ಲೋಳೆಸರವನ್ನು ನೆನೆದರು. ಅವರ ಯೋಚನೆಗೆ ಒಂದು ಹಿನ್ನೆಲೆಯಿದೆ: ಕ್ಷಕಿರಣದಿಂದಾದ ಚರ್ಮದ ಗಾಯಕ್ಕೆ ಲೋಳೆಸರದ ಎಲೆಯಿಂದ ಗುಣ ಕಂಡಿತೆಂಬ ವರದಿ 1935ರಷ್ಟು ಹಿಂದೆಯೇ ಅಮೆರಿಕದಲ್ಲಿ ಪ್ರಕಟವಾಗಿತ್ತು. ಆದರೆ 2004ರಲ್ಲಿ ವಿಕಿರಣ ಚಿಕಿತ್ಸೆಯ 58 ರೋಗಿಗಳಲ್ಲಿ ಕೆಲವರಿಗೆ ಲೋಳೆಸರದ ರಸ, ಉಳಿದವರಿಗೆ ಬರಿಯ ಹೋಲಿಕೆಯ ದ್ರವ ಕೊಟ್ಟು ನೋಡಿದಾಗ ಹುಣ್ಣಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾವು ವೈದ್ಯರನ್ನೇ ಕೇಳಿದೆವು. ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದನ್ನು ತಪ್ಪಿಸಕೂಡದು, ನೋವಿನ ಔಷಧವನ್ನು ಬಿಡಕೂಡದು ಎಂದು ವಿಧಿಸಿ, ಹೊದಿಕೆಗೆಂದು ಒಂದು ಜೆಲ್ ಬರೆದುಕೊಟ್ಟರು. ಊಟಕ್ಕೆ ಮೊದಲು ಅದನ್ನು ಸವರಿದರೆ ಅರ್ಧ ಗಂಟೆಯ ಬಿಡುವು. ಆ ಅರ್ಧ ಗಂಟೆಯಲ್ಲಿ ತಣ್ಣಗಿನ ಅಂಬಲಿ ಒಂದು ಬಟ್ಟಲು ಒಳಗೆ ಇಳಿಯುತ್ತಿತ್ತು. ಚಿಕಿತ್ಸೆ ಒಂದು ದಿನವೂ ತಪ್ಪಲಿಲ್ಲ. ಈಗ ಮೂರು ವರ್ಷವಾಯಿತು. ಮಾತು ತುಸು ತೊದಲುತ್ತದೆ, ಹೊಲಕ್ಕೆ ಹೋಗುತ್ತಾರೆ.

ಐದು ತಿಂಗಳು ಎಲೆಯ ಲೋಳೆ ಕೊಟ್ಟದ್ದೂ, ಆರು ವಾರಗಳಲ್ಲಿ ಆ ಜೆಲ್ ಕೊಟ್ಟದ್ದೂ ಒಂದೇ ಬಗೆಯ ಬಿಡುವು. ಮೊದಲನೆಯದು ರೋಗವನ್ನು ಬೆಳೆಯಗೊಟ್ಟಿತು, ಎರಡನೆಯದು ಚಿಕಿತ್ಸೆಯನ್ನು ದಡ ಮುಟ್ಟಿಸಿತು. ಗಾಯ ಎಂಥದೆಂದು ಗೊತ್ತಿದ್ದ ಮೇಲೆ ಕೊಟ್ಟ ಬಿಡುವಿಗೇ ಬೆಲೆ.

ಆದುದರಿಂದ ಊರಿನಿಂದ ಯಾರಾದರೂ ಫೋನು ಮಾಡಿ, ಬಾಯಿಹುಣ್ಣಿಗೆ ಯಾವ ಜೆಲ್ ಒಳ್ಳೆಯದೆಂದು ಕೇಳಿದರೆ ನಾವು ಹೆಸರು ಹೇಳುವುದಿಲ್ಲ. ಹುಣ್ಣು ಎದ್ದು ಎಷ್ಟು ದಿನವಾಯಿತೆಂದು ಮೊದಲು ಕೇಳುತ್ತೇವೆ. ಅದೇ ಜಾಗದಲ್ಲಿ ಎರಡು ವಾರ ದಾಟಿದ್ದರೆ, ಅಂಚು ಗಟ್ಟಿಯಾಗಿದ್ದರೆ, ಬಿಳಿಯ ಇಲ್ಲವೆ ಕೆಂಪು ಮಚ್ಚೆ ಕಂಡಿದ್ದರೆ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ಆ ವಾರವೇ ವೈದ್ಯರಿಗೆ ತೋರಿಸಿ ಎನ್ನುತ್ತೇವೆ. ಮೂರೇ ದಿನವಾಗಿದ್ದರೆ ಲೋಳೆಸರದ ಎಲೆಯ ಹಳದಿ ರಸವನ್ನು ಇಳಿಸಿ, ತಿರುಳನ್ನು ಹಚ್ಚಿ ಎನ್ನುತ್ತೇವೆ. ಜೊತೆಗೆ, ಇಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ ಎಂದೂ ಹೇಳುತ್ತೇವೆ.