ಸೆಂಟ್ರಲ್ ನಿಲ್ದಾಣದೆದುರಿನ ಮದ್ದಿನ ಕಿಟಕಿ

ರೈಲಿನಲ್ಲಿ ಚೆನ್ನೈ ಸೆಂಟ್ರಲ್ ತಲುಪುವವರೆಲ್ಲ ಮರೀನಾ ಕಡಲತೀರ ನೋಡಲು ಬಂದವರಲ್ಲ. ಎಕ್ಸ್‌ರೇ ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು, ಸುರಂಗದಾರಿಯಲ್ಲಿ ರಸ್ತೆ ದಾಟಿ, ಎದುರಿನ ಸರ್ಕಾರಿ ಜನರಲ್ ಆಸ್ಪತ್ರೆಯತ್ತ ನಡೆಯುವವರೂ ಉಂಟು. 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳಿಗಾಗಿ ಹುಟ್ಟಿದ ಈ ಆಸ್ಪತ್ರೆ, 1772ರಲ್ಲಿ ಈಗಿನ ಜಾಗಕ್ಕೆ ಬಂದಿತು. 2011ರಿಂದ ಇದಕ್ಕೆ ರಾಜೀವ್ ಗಾಂಧಿಯವರ ಹೆಸರಿದೆ.

ಇಲ್ಲಿ ನೋಡಬೇಕಾದದ್ದು ಔಷಧ ವಿತರಿಸುವ ಕಿಟಕಿ. ನಮ್ಮ ‘ಮದ್ದು’ ತಮಿಳರಿಗೆ ‘ಮರುಂದು’. ಚೀಟಿ ಕೊಟ್ಟರೆ ಮಾತ್ರೆ ಉಚಿತ. ‘ಸ್ಟಾಕ್ ಇಲ್ಲ’ ಎಂಬ ಉತ್ತರ ಬಂದರೆ ಮಾತ್ರ ಬಡವನ ಕೂಲಿ ಹೊರಗಿನ ಅಂಗಡಿಯ ಪಾಲು.

ಈ ಕೊರತೆ ನೀಗಲೆಂದೇ 1994ರಲ್ಲಿ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಸ್ಥಾಪನೆಯಾಯಿತು. ಇಡೀ ರಾಜ್ಯಕ್ಕೆ ಬೇಕಾದ ಅಗತ್ಯ ಔಷಧಗಳನ್ನು ಒಟ್ಟಾಗಿ, ಟೆಂಡರ್ ಕರೆದು, ಮೂಲ ಹೆಸರಿನಲ್ಲೇ ಕೊಳ್ಳುವುದು ಅದರ ಕ್ರಮ. ಜಿಲ್ಲೆಗಳಲ್ಲಿ ಉಗ್ರಾಣಗಳಿವೆ. ಬ್ಯಾಂಕಿನಂತೆ ಆಸ್ಪತ್ರೆಗೊಂದು ಪಾಸ್‌ಬುಕ್. ಅದರಲ್ಲಿರುವ ಮೊತ್ತದ ಮಿತಿಯೊಳಗೆ ಬೇಕಾದ ಔಷಧ ಪಡೆಯಬಹುದು. ಮಾದರಿಗಳು ಪ್ರಯೋಗಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲಷ್ಟೇ ಸರಕು ಆಸ್ಪತ್ರೆಗೆ. ಈ ದಾರಿಯನ್ನು ಮುಂದೆ ಹಲವು ರಾಜ್ಯಗಳು ಹಿಡಿದವು. ರಾಜಸ್ಥಾನ 2011ರ ಅಕ್ಟೋಬರ್ 2ರಂದು ಉಚಿತ ಔಷಧ ಯೋಜನೆ ಆರಂಭಿಸಿತು. ಕರ್ನಾಟಕದಲ್ಲೂ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಕೊಳ್ಳಲು ಪ್ರತ್ಯೇಕ ನಿಗಮವಿದೆ.

ಅಗ್ಗದ ಮಾತ್ರೆ ಕೆಲಸ ಮಾಡೀತೇ ಎಂಬ ಶಂಕೆ ಸಹಜ. ಪ್ಯಾರಸಿಟಮಾಲ್ ಅಣುವಿನಲ್ಲಿ ಇಂಗಾಲದ 8, ಜಲಜನಕದ 9, ಸಾರಜನಕದ 1, ಆಮ್ಲಜನಕದ 2 ಪರಮಾಣುಗಳಿವೆ. ಹೊದಿಕೆಯ ಮೇಲಿನ ಹೆಸರು ಬದಲಾದರೆ ಈ ಲೆಕ್ಕ ಬದಲಾಗದು. ಬ್ರಾಂಡಿನ ಬೆಲೆಯಲ್ಲಿ ಪ್ರಚಾರದ ಖರ್ಚೂ ಸೇರಿರುತ್ತದೆ. ಆದರೆ ತಯಾರಿಕೆ ಕಳಪೆಯಾದರೆ ಯಾವ ಮಾತ್ರೆಯೂ ಕೆಟ್ಟದ್ದೇ. ಆದ್ದರಿಂದಲೇ ಪರೀಕ್ಷೆ ಮುಖ್ಯ.

ಮದ್ದು ಕೈಗೆ ಬಂದ ಮೇಲೆ ಉಳಿದ ಹೊಣೆ ಮನೆಯವರದು. ವೈರಸ್‌ನಿಂದ ಬರುವ ನೆಗಡಿಗೆ ಆಂಟಿಬಯಾಟಿಕ್ ಕೊಟ್ಟು ಪ್ರಯೋಜನವಿಲ್ಲ. ಕ್ಷಯರೋಗಿ ಜ್ವರ ಇಳಿಯಿತೆಂದು ಮಾತ್ರೆಯನ್ನು ನಡುವೆ ಬಿಟ್ಟರೆ, ಬದುಕುಳಿದ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಮಣಿಯದಂತಾಗಬಹುದು. ಆಗ ಚಿಕಿತ್ಸೆ ದೀರ್ಘ, ವೆಚ್ಚ ದುಬಾರಿ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಆ ಔಷಧ ನುಂಗಬಾರದು. ಅಕ್ಷರ ಓದಲಾರದ ಅಜ್ಜ ಅಜ್ಜಿಯರ ಮದ್ದಿನ ಪೊಟ್ಟಣ ತೆರೆದು ಈ ಗೆರೆ, ಔಷಧದ ಮೂಲ ಹೆಸರು, ಅವಧಿ ಮುಗಿಯುವ ದಿನಾಂಕ ಇವನ್ನು ಓದಿ ಹೇಳುವ ಕೆಲಸ ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಆಗಬಹುದಾದದ್ದೇ.