ಮೂರು ಊರು, ಒಂದು ವರ್ಗಾವಣೆ

ಗದ್ವಾಲ
ಗುರುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ವರ್ಗಾವಣೆಯ ಸುದ್ದಿ ಹೇಳಿದ ದಿನ ನೀನು ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ. "ಅವರೊಬ್ಬರೇ ಹೋಗಲಿ. ನೀನು, ಮಗಳು, ಅಮ್ಮ ಬೆಂಗಳೂರಲ್ಲೇ ಇರ್ರಿ. ರಜಾ ಸಿಕ್ಕಾಗ ಬಂದು ಹೋಗ್ತಾರ." ಬಹಳಷ್ಟು ಮನೆಗಳಲ್ಲಿ ಹಾಗೇ ನಡೆಯುತ್ತದೆ, ಗೊತ್ತು. ನಮ್ಮ ಮೇಲಿನ ಮನೆಯವರು ಹಾಗೆಯೇ ಬದುಕಿದರು. ಆ ಮಕ್ಕಳಿಗೆ ಅಪ್ಪ ಅಂದರೆ ತಿಂಗಳಿಗೊಮ್ಮೆ ಚೀಲ ಹಿಡಿದು ಬರುವ ನೆಂಟ. ಅದನ್ನು ಕಣ್ಣಾರೆ ಕಂಡವಳು ನಾನು. ಅದಕ್ಕೇ ಹಟ ಹಿಡಿದು ಊರು ನೋಡಲು ಇವರ ಜೊತೆ ಹೊರಟೆ. ಇವರ ಬ್ಯಾಂಕಿನವರು ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಎಂದು ಮೂರು ಶಾಖೆಗಳ ಹೆಸರು ಕೊಟ್ಟು, ಒಂದನ್ನು ಆರಿಸಿಕೊಳ್ಳಿ ಎಂದಿದ್ದಾರೆ. ಇವರು ಶಾಖೆ ನೋಡಿದರು, ನಾನು ಊರು ನೋಡಿದೆ.

ನಾವು ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದಳು: "ರಾಯಚೂರಿಗೆ ಹೋಗಿ ಸಂಜೀಕ ಮನಿಗೆ ಬರೋ ಹಂಗ ಇದ್ರ ಸಾಕವ್ವ." ಅವಳು ಅದನ್ನು ತವರಿನ ಆಸೆಯಿಂದ ಹೇಳಿದ್ದು. ಆದರೆ ಈ ಮೂರು ಊರು ಸುತ್ತಿದ ಮೇಲೆ, ಊರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಗಲಿಲ್ಲ. ಸಣ್ಣ ಊರಿನಲ್ಲಿ ಎಲ್ಲವೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇಲ್ಲದ್ದನ್ನು ತರಲು ಹೋದವರು ರಾತ್ರಿ ಊಟಕ್ಕೆ ಮನೆಗೆ ಮರಳುತ್ತಾರೋ, ಹೋದವರು ಹೋದಲ್ಲೇ ಉಳಿದುಬಿಡುತ್ತಾರೋ ಎಂದು ನೋಡುತ್ತಾ ಹೋದೆ.

ಮೊದಲು ನಾರಾಯಣಪೇಟೆ. ನಿನ್ನ ಮದುವೆಯಲ್ಲಿ ಸೋದರತ್ತೆ ಉಟ್ಟಿದ್ದ ಚೌಕಳಿ ಸೀರೆ ನೆನಪಿದೆಯಲ್ಲ, ಅದರ ಊರು. 2019ರ ಫೆಬ್ರುವರಿ 17ರಂದು ಮಹಬೂಬನಗರದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಗಿದೆ. ಈಚೆಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಮಾರುಕಟ್ಟೆಯ ಅಂಗಳದಲ್ಲಿ ತೊಗರಿಯ ರಾಶಿ, ದೂಳು, ಹಮಾಲರ ಕೂಗು. ಬೀದಿಯಲ್ಲಿ ತೆಲುಗು, ಉರ್ದು, ಕನ್ನಡ, ಮರಾಠಿ ನಾಲ್ಕೂ ಕಿವಿಗೆ ಬೀಳುತ್ತವೆ. ಒಬ್ಬನೇ ಮನುಷ್ಯ ಒಂದು ಭಾಷೆಯಲ್ಲಿ ಬೆಲೆ ಹೇಳಿ ಇನ್ನೊಂದರಲ್ಲಿ ಚೌಕಾಸಿ ಮಾಡುತ್ತಾನೆ. ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟಾಗ ಅದರ ಜೊತೆ ಬಂದ ನೇಕಾರರು ಹಿಂದಿರುಗದೆ ಉಳಿದರು, ಅವರಿಂದಲೇ ಈ ಸೀರೆ ಎಂದು ಊರಿನವರು ಹೇಳುತ್ತಾರೆ.

ಒಂದು ನೇಕಾರರ ಮನೆಯಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದೆ. ಮಗ್ಗಕ್ಕೆ ಎಂಟು ಸೀರೆಗೆ ಆಗುವಷ್ಟು ಹಾಸು ಒಂದೇ ಸಲಕ್ಕೆ ಹೂಡುತ್ತಾರೆ. ಎಂಟೂ ಮುಗಿದ ಮೇಲೇ ಕತ್ತರಿಸುವುದು. ಆ ಮನೆಯ ಹಿರಿಯಾಕೆ ನನ್ನ ಜೊತೆ ನಮ್ಮ ಕಡೆಯ ಕನ್ನಡವನ್ನೇ ಆಡಿದರು. ಮಗ್ಗದ ಮೇಲೆ ಕೂತಿದ್ದವರು ಅವರ ಯಜಮಾನರು, ಅರವತ್ತು ದಾಟಿದವರು. ಗಂಡುಮಕ್ಕಳು ಎಲ್ಲಿ ಎಂದು ಕೇಳಿದೆ. ಒಬ್ಬ ಹೈದರಾಬಾದಿನಲ್ಲಿ, ಇನ್ನೊಬ್ಬ ಪುಣೆಯಲ್ಲಿ. ಹಬ್ಬಕ್ಕೆ ಬರುತ್ತಾರೆ. ಪಕ್ಕದ ಮನೆಯಲ್ಲೂ ಅದೇ ಉತ್ತರ. ಈ ಸೀಮೆಯಿಂದ ಮುಂಬೈ, ಪುಣೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಇಂದು ನಿನ್ನೆಯದಲ್ಲ. ಪಾಲಮೂರಿನ, ಅಂದರೆ ಮಹಬೂಬನಗರದ, ಕೂಲಿಗಳು ಕಟ್ಟದ ಅಣೆಕಟ್ಟು ಇಲ್ಲ ಎಂಬ ಮಾತನ್ನು ನಾವು ರಾಯಚೂರಿನಲ್ಲೇ ಕೇಳಿ ಬೆಳೆದವರು. ನಮ್ಮ ರಾಯಚೂರು, ಯಾದಗಿರಿಯ ಹಳ್ಳಿಗಳ ಕಥೆಯೂ ಇದೇ ಅಲ್ಲವಾ? ಆ ಮನೆಯಿಂದ ಹೊರಬಂದಾಗ ಎದೆ ಭಾರವಾಗಿತ್ತು. ಹುಟ್ಟಿದವರಿಗೆ ಅನ್ನ ಕೊಡಲಾಗದ ಊರಿಗೆ ಸಂಬಳ ಹೊತ್ತು ಬಂದು "ಇಲ್ಲಿ ಬಾಡಿಗೆ ಎಷ್ಟು ಕಮ್ಮಿ" ಎಂದು ನಾನು ಸಂತೋಷ ಪಡುವುದು ಸರಿಯೇ? ಇವರಿಗೆ ಹೇಳಿದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮಗ್ಗಕ್ಕೆ ಸಾಲ ಕೊಡೋದೂ ನನ್ನ ಕೆಲಸಾನೇ," ಅಂದರು. ಆ ಮಾತು ನನಗೆ ಹಿಡಿಸಿತು.

ಆದರೂ ನಾರಾಯಣಪೇಟೆ ನಮಗಾಗಲಿಕ್ಕಿಲ್ಲ ಅಕ್ಕ. ಜಿಲ್ಲಾ ಕೇಂದ್ರವಾದರೂ ಊರಿಗೆ ರೈಲಿಲ್ಲ. ಹಿಂದೆ ಗಡಿಯಾಚೆ ನಮ್ಮ ಯಾದಗಿರಿ ಜಿಲ್ಲೆಯ ಸೈದಾಪುರದ ನಿಲ್ದಾಣಕ್ಕೆ 'ನಾರಾಯಣಪೇಟೆ ರೋಡ್' ಎಂದು ಹೆಸರಿತ್ತಲ್ಲ, ಊರು ಒಂದು ರಾಜ್ಯದಲ್ಲಿ, ಅದರ ಹೆಸರಿನ ನಿಲ್ದಾಣ ಇನ್ನೊಂದರಲ್ಲಿ. ಅಮ್ಮನಿಗೆ ಸ್ಟೆಂಟ್ ಹಾಕಿದ ಮೇಲೆ ಬಸ್ಸಿನ ಕುಲುಕಾಟ ಆಗುವುದಿಲ್ಲ. ರಾತ್ರಿ ಎದೆನೋವು ಎಂದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಅಲ್ಲಿ ನನಗೆ ಧೈರ್ಯದ ಉತ್ತರ ಸಿಗಲಿಲ್ಲ.

ಮಕ್ತಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಾಯಚೂರು–ಮಹಬೂಬನಗರ ಹೆದ್ದಾರಿಯ ಮೇಲಿನ ಊರು, ಹಾದುಹೋಗುವವರೇ ಜಾಸ್ತಿ. ಪಡುವಣಕ್ಕೆ ಮುಖ ಮಾಡಿದ ಆಂಜನೇಯನ ಗುಡಿಯಲ್ಲಿ ಕೈಮುಗಿದು, ಬಸ್ ನಿಲ್ದಾಣದ ಹತ್ತಿರ ಮಂಡಾಳ ವಗ್ಗರಣಿ, ಮಿರ್ಚಿ ತಿಂದೆವು. ರುಚಿ ಥೇಟ್ ರಾಯಚೂರಿನದೇ. ಮನೆಗಳು ಸಿಗುತ್ತವೆ. ಆದರೆ ಶಾಲೆಯ ಮಾತು ತೆಗೆದಾಗ ಮಾತಾಡಿಸಿದವರೆಲ್ಲ ಮಹಬೂಬನಗರದ ಹಾಸ್ಟೆಲ್ಲುಗಳ ಹೆಸರು ಹೇಳಿದರು. ಮಗಳನ್ನು ಹಾಸ್ಟೆಲ್ಲಿಗೆ ಬಿಡುವುದಾದರೆ ಇಡೀ ಸಂಸಾರ ಕಿತ್ತುಕೊಂಡು ಬರುವುದಾದರೂ ಯಾಕೆ?

ಆದರೆ ಮಕ್ತಲ್‌ನಿಂದ ಕೃಷ್ಣಾ ನಿಲ್ದಾಣದವರೆಗೆ ರೈಲಿನಲ್ಲಿ ಹೋದದ್ದನ್ನು ಬರೆಯದೆ ಇರಲಾರೆ. ಮಹಬೂಬನಗರ–ಮುನಿರಾಬಾದ್ ಮಾರ್ಗ 1997–98ರಲ್ಲಿ ಮಂಜೂರಾದದ್ದು. ಅಪ್ಪ ಪ್ರತಿ ಬಜೆಟ್ಟಿನ ಮರುದಿನ ಪೇಪರಿನಲ್ಲಿ ಅದನ್ನೇ ಹುಡುಕುತ್ತಿದ್ದರು. ಅದರ ಜಕ್ಲೇರ್–ಕೃಷ್ಣಾ ಭಾಗ, 37 ಕಿಲೋಮೀಟರು, ಉದ್ಘಾಟನೆಯಾದದ್ದು 2023ರ ಅಕ್ಟೋಬರ್ 1ರಂದು. ಕಾಚಿಗುಡದಿಂದ ಇದೇ ದಾರಿಯಲ್ಲಿ ರಾಯಚೂರಿಗೆ ರೈಲೂ ಅಂದೇ ಶುರುವಾಯಿತು. ಅಪ್ಪ ನೋಡಲಿಲ್ಲ. ಆ ಗಾಡಿಯಲ್ಲಿ ಕಿಟಕಿಗೆ ಆತುಕೊಂಡು ಕೂತು ಅವರ ಪರವಾಗಿ ನಾನು ನೋಡಿದೆ.

ಕೃಷ್ಣಾ ಮಂಡಲ ಪೂರ್ತಿ ಬೇರೆಯೇ ಲೋಕ. ತೆಲಂಗಾಣದೊಳಗೇ ಇದ್ದೇವೆ, ಆದರೆ ಕಟ್ಟೆಯ ಮೇಲಿನ ಮಾತು ಕನ್ನಡ. ಇಲ್ಲಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಮಕ್ಕಳು ತೆಲಂಗಾಣದ ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುತ್ತಾರೆ. ಆಮೇಲೆ ಕಾಲೇಜಿಗೆ ನದಿ ದಾಟಿ ರಾಯಚೂರಿನ ದಾರಿ ಹಿಡಿಯುತ್ತಾರೆ. ಅಲ್ಲಿಂದ ಮುಡುಮಾಲಿಗೆ ಹೋಗಿ ನಿಲುವುಗಲ್ಲುಗಳನ್ನು ನೋಡಿದೆವು. ಮೂರು ಸಾವಿರ ವರ್ಷಕ್ಕೂ ಹಿಂದಿನವು, ಆಳಿಗಿಂತ ಎತ್ತರದವು, ಹೊಲದ ನಡುವೆ ನಿಂತಿವೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಕೃಷ್ಣೆಯ ಈ ದಡದಲ್ಲಿ ಪಂಚದೇವ ಪಹಾಡ, ನಡುಗಡ್ಡೆಯ ಕುರುವಾಪುರ ಮಾತ್ರ ನಮ್ಮ ರಾಯಚೂರು ಜಿಲ್ಲೆಗೆ ಸೇರಿದ್ದು. ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆ ಇಲ್ಲಿಂದ ನೀರು ದಾಟಿ ಹೋಗುತ್ತಾರೆ. ಅಮ್ಮನಿಗೆ ಇದೊಂದು ಹೇಳಿದರೆ ಬೇರೇನೂ ಕೇಳದೆ ಪೆಟ್ಟಿಗೆ ಕಟ್ಟುತ್ತಾಳೆ.

ಈಗ ಗದ್ವಾಲ. ಇಲ್ಲಿಗೆ ಬಂದಾಗಿನಿಂದ ನನಗೆ ಪರಸ್ಥಳ ಅನ್ನಿಸಿಲ್ಲ. ಕಾರಣವೂ ಉಂಟು. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಾವು ಮೈಸೂರಿಗೆ ಹೋದೆವು, ಗದ್ವಾಲದವರು ಆಂಧ್ರಕ್ಕೆ. ಸೀರೆ ಅಂಗಡಿಯ ವೃದ್ಧರೊಬ್ಬರು ತಮ್ಮ ತಂದೆ ಜಮೀನಿನ ಕಾಗದಕ್ಕೆ ರಾಯಚೂರಿಗೆ ಅಲೆಯುತ್ತಿದ್ದುದನ್ನು ಹೇಳಿದರು. ಅಂದು ಎಳೆದ ಆ ಗೆರೆ ಇಂದಿಗೂ ಸಣ್ಣದಲ್ಲ. ಸಂವಿಧಾನದ 371 (ಜೆ) ವಿಧಿಯ ಮೀಸಲಾತಿ 2013ರಿಂದ ರಾಯಚೂರಿನ ಮಕ್ಕಳಿಗೆ ಸಿಕ್ಕಿತು, ಅದೇ ಜಿಲ್ಲೆಯಲ್ಲಿದ್ದ ಗದ್ವಾಲದ ಮಕ್ಕಳಿಗೆ ಇಲ್ಲ. ನಾವಿಲ್ಲಿ ವರ್ಷಗಟ್ಟಲೆ ನಿಂತರೆ ನಮ್ಮ ಮಗಳ ಹಕ್ಕಿನ ಗತಿ ಏನಾಗುತ್ತದೆ ಎಂದು ನಾನೇ ತಹಶೀಲ್ದಾರರ ಕಚೇರಿಗೆ ಹೋಗಿ ಕೇಳಬೇಕು. ಮರೆಯುವ ಮಾತಲ್ಲ ಅದು.

ಊರಿನ ನಡುವೆ ಸೋಮಭೂಪಾಲ ಕಟ್ಟಿಸಿದ ಮಣ್ಣಿನ ಕೋಟೆ, ಒಳಗೆ ಚೆನ್ನಕೇಶವನ ಗುಡಿ. ಅದೇ ಕೋಟೆಯ ಆವರಣದಲ್ಲಿ ಸಂಸ್ಥಾನದ ಕೊನೆಯ ರಾಣಿ ಆದಿಲಕ್ಷ್ಮೀ ದೇವಮ್ಮನ ಹೆಸರಿನ ಸರ್ಕಾರಿ ಕಾಲೇಜು ನಡೆಯುತ್ತದೆ. ಸಂಜೆ ಹುಡುಗಿಯರು ಪುಸ್ತಕ ಎದೆಗವಚಿಕೊಂಡು ಕೋಟೆಯ ಬಾಗಿಲಿಂದ ಗುಂಪುಗುಂಪಾಗಿ ಹೊರಬರುವುದನ್ನು ನಿಂತು ನೋಡಿದೆ. ಯಾರೂ ಅವಸರದಲ್ಲಿರಲಿಲ್ಲ, ಅಂಜಿಕೆಯಲ್ಲೂ ಇರಲಿಲ್ಲ. ಹನ್ನೆರಡು ವರ್ಷದ ಹುಡುಗಿಯ ತಾಯಿಗೆ ಬೇಕಾದ ಸಾಕ್ಷಿ ಅದು.

ಇಲ್ಲಿಯ ಮಗ್ಗವನ್ನೂ ನೋಡಿದೆ. ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಬೇರೆ ಬೇರೆ ಲಾಳಿಯಿಂದ ನೇಯುತ್ತಾ ಸಾಲುಸಾಲಿಗೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಬೇಕು. ಒಬ್ಬರ ಕೈಗೆ ಆಗುವ ಕೆಲಸವಲ್ಲ. ಗಂಡ ನಡುವೆ ಕೂತಿದ್ದರೆ ಹೆಂಡತಿ ಪಕ್ಕದಲ್ಲಿ ಅಂಚಿನ ಲಾಳಿ ತೂರುತ್ತಿದ್ದಳು. ಇಲ್ಲೂ ಕೂಲಿ ಹೆಚ್ಚಿಲ್ಲ, ಕಷ್ಟ ಇದೆ. ಆದರೆ ನಾನು ಹೋದ ಮನೆಯಲ್ಲಿ ಮಗ ರಾಯಚೂರಿನ ಅಂಗಡಿಯೊಂದಕ್ಕೆ ಸೀರೆ ಕೊಟ್ಟು ಸಂಜೆಯ ಗಾಡಿಗೆ ಬರುತ್ತಾನೆ ಎಂದರು. ಬಂದ ಕೂಡ.

ಇದೇ ನನಗೆ ಬೇಕಾದದ್ದು. 2013ರ ಅಕ್ಟೋಬರಿನಲ್ಲಿ ರಾಯಚೂರು–ಗದ್ವಾಲ ರೈಲುಮಾರ್ಗ ತೆರೆದ ಮೇಲೆ ಊರಿನ ಬಾಳೇ ಬದಲಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಪಶ್ಚಿಮಕ್ಕೆ ರಾಯಚೂರು, ದಕ್ಷಿಣಕ್ಕೆ ಕರ್ನೂಲು, ಎರಡೂ ಅರವತ್ತು ಕಿಲೋಮೀಟರಿನ ಆಸುಪಾಸು. ಎರಡು ಕಡೆಯೂ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು. ಕಾಚಿಗುಡದಿಂದ ಬೆಂಗಳೂರಿಗೆ ಹೋಗುವ ರಾತ್ರಿಯ ರೈಲು ಇಲ್ಲಿ ನಿಲ್ಲುತ್ತದೆ, ಮಲಗಿ ಎದ್ದರೆ ಬೆಂಗಳೂರು. ಹತ್ತಿರದಲ್ಲೇ ಜುರಾಲಾ ಅಣೆಕಟ್ಟು ಇರುವುದರಿಂದ ನೀರಿನ ಮುಖ ಕಂಡ ಸೀಮೆ ಇದು. ಸೆಕೆಯ ಬಗ್ಗೆ ನಿನಗೆ ಹೇಳಬೇಕಾಗಿಲ್ಲ, ರಾಯಚೂರಿನ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಮಲಗಿದವರು ನಾವು.

ಕಳೆದುಕೊಳ್ಳುವುದನ್ನೂ ಬರೆಯುತ್ತೇನೆ, ಬರೀ ಒಳ್ಳೆಯದನ್ನೇ ಹೇಳಿದರೆ ನೀನು ನಂಬುವುದಿಲ್ಲ. ನನ್ನ ಕೆಲಸ ಹೋಗುತ್ತದೆ. ಹದಿನಾಲ್ಕು ವರ್ಷ ಗಣಿತ ಕಲಿಸಿದ ಶಾಲೆ ಬಿಡುವುದೆಂದರೆ ನನಗೆ ಹಗುರವಲ್ಲ. ಇಲ್ಲಿ ಒಂದು ಶಾಲೆಯಲ್ಲಿ ವಿಚಾರಿಸಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಗಣಿತದವರು ಬೇಕಂತೆ, ಸಂಬಳ ಈಗಿನದರ ಅರ್ಧವೂ ಇಲ್ಲ. ಬಾಡಿಗೆ ಬೆಂಗಳೂರಿನ ಮೂರನೇ ಒಂದು ಪಾಲೂ ಇಲ್ಲದ್ದರಿಂದ ಮನೆ ಲೆಕ್ಕ ಸರಿದೂಗುತ್ತದೆ, ನನ್ನ ಸ್ವಂತದ ಲೆಕ್ಕ ದೂಗುವುದಿಲ್ಲ. ಮಕ್ಕಳಿಗೆ ಅರ್ಥವಾಗದಿದ್ದಾಗ ತೆಲುಗಿನಲ್ಲಿ ಬಿಡಿಸಿ ಹೇಳಬೇಕು, ಆ ತೆಲುಗು ನನಗೆ ಬಾರದು. ಕಲಿಯುತ್ತೇನೆ. ಇನ್ನು ಸಂಗೀತದ ಕ್ಲಾಸು, ಪುಸ್ತಕದ ಅಂಗಡಿ, ನನ್ನ ಗೆಳತಿಯರು, ಇವಕ್ಕೆಲ್ಲ ಇಲ್ಲಿ ಬದಲಿ ಕಾಣಲಿಲ್ಲ.

ಎಲ್ಲಕ್ಕಿಂತ ಚಿಂತೆ ಮಗಳ ಕನ್ನಡದ್ದು. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದು ಸರಿ, ಇಲ್ಲಿ ಬಾಳುವವಳು ಇಲ್ಲಿಯ ಭಾಷೆ ಕಲಿಯಲೇಬೇಕು, ಲಿಪಿಯೂ ನೆಂಟಸ್ತಿಕೆಯದೇ. ಆದರೆ ಕೃಷ್ಣಾ ಮಂಡಲದಂತೆ ಕನ್ನಡ ಶಾಲೆ ಗದ್ವಾಲದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಮನೆಯಲ್ಲಿ ಮಾತು ಉಳಿಯುತ್ತದೆ, ಅಮ್ಮ ಇದ್ದಾಳೆ. ಓದು, ಬರಹ? ಐದಾರು ವರ್ಷ ಬಿಟ್ಟರೆ ಅವಳು ಕಾದಂಬರಿ ಓದಲಾರದ, ನಿನಗೊಂದು ಕಾಗದ ಬರೆಯಲಾರದ ಕನ್ನಡತಿ ಆಗುತ್ತಾಳೆ. ಅದಕ್ಕೆ ಮಾತ್ರ ನಾನು ಒಪ್ಪಲಾರೆ.

ಹಾಗಾಗಿ ನಾವಿಬ್ಬರೂ ಕೂತು ಹೀಗೆ ತೀರ್ಮಾನಿಸಿದ್ದೇವೆ: ಗದ್ವಾಲವನ್ನೇ ಕೇಳುವುದು, ಜೂನಿನಲ್ಲಿ ಎಲ್ಲರೂ ಒಟ್ಟಿಗೆ ಬರುವುದು, ರೈಲು ನಿಲ್ದಾಣದ ಕಡೆ ನೆಲಮಹಡಿಯ ಮನೆ ನೋಡುವುದು. ಬೆಂಗಳೂರಿನ ಮನೆಯನ್ನು ಒಂದು ವರ್ಷ ಬಾಡಿಗೆಗೆ ಕೊಡುತ್ತೇವೆ, ಮಾರುವುದಿಲ್ಲ. ನಾನು ಶಾಲೆಗೆ ರಾಜೀನಾಮೆ ಕೊಡದೆ ಮೊದಲು ಸಂಬಳವಿಲ್ಲದ ರಜೆ ಕೇಳುತ್ತೇನೆ.

ನಿನ್ನಿಂದ ಎರಡು ಕೆಲಸ ಆಗಬೇಕು. ಅಮ್ಮನ ಹೃದಯದ ವರದಿಗಳ ಒಂದು ಪ್ರತಿ ನಿನ್ನ ಬಳಿ ಇದೆಯಲ್ಲ, ಅದನ್ನು ಭಾವನ ರಾಯಚೂರಿನ ಡಾಕ್ಟರ್ ಗೆಳೆಯರಿಗೆ ತೋರಿಸಿ, ಅವರು ಮುಂದೆ ನೋಡಿಕೊಳ್ಳಲು ಒಪ್ಪುತ್ತಾರಾ ಕೇಳು. ಇನ್ನೊಂದು, ನೀನು ಕಲಿಸುವ ಏಳನೇ ಮತ್ತು ಎಂಟನೇ ತರಗತಿಯ ಕನ್ನಡ ಪಠ್ಯ, ಜೊತೆಗೆ ನಿನ್ನ ಕೈಬರಹದ ಟಿಪ್ಪಣಿಗಳನ್ನು ಎತ್ತಿಡು. ವಾರಕ್ಕೊಂದು ಪಾಠ ಅಮ್ಮ ಓದಿಸುತ್ತಾಳೆ, ಪ್ರಶ್ನೆಯ ಉತ್ತರವನ್ನು ಮಗಳು ಬರೆದು ಅಂಚೆಯಲ್ಲಿ ನಿನಗೆ ಕಳಿಸುತ್ತಾಳೆ. ನೀನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಕು, ಫೋನಿನಲ್ಲಿ ಹೇಳಿ ಮುಗಿಸಬಾರದು. ಒಪ್ಪಿಗೆಯಾದರೆ ಈ ವಾರವೇ ತಿಳಿಸು. ಬ್ಯಾಂಕಿಗೆ ತಿಂಗಳ ಕೊನೆಯೊಳಗೆ ಉತ್ತರ ಬರೆಯಬೇಕು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ